ಹಳೆಯ ಚಾಪೆಹುಲ್ಲಿನ ಗದ್ದೆ

“ಗುರುಗಳೇ, ಕಿರಿಯರಿಗೆ ಪಾಠ ಹೇಳಲು ನನ್ನನ್ನು ನೇಮಿಸಿದಿರಿ. ಒಂದು ಸಲ ಹೇಳಬೇಕಾದ್ದನ್ನು ನಾಲ್ಕು ಸಲ ಹೇಳುತ್ತಿದ್ದೇನೆ. ಆದರೂ ಅವರ ತಲೆಗೆ ಹತ್ತುತ್ತಿಲ್ಲ. ಇನ್ನೆಷ್ಟು ಹೇಳಲಿ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಗದ್ದೆಯಲ್ಲಿ ತಂದೆ ನೆಟ್ಟ ಚಾಪೆಹುಲ್ಲು ಇತ್ತು. ಇಪ್ಪತ್ತು ವರ್ಷಗಳಿಂದ ಅದೇ ಬುಡಗಳು ಚಿಗುರುತ್ತಿದ್ದವು, ಅವನು ವರ್ಷಕ್ಕೆ ಎರಡು-ಮೂರು ಸಲ ಕೊಯ್ಯುತ್ತಿದ್ದ. ಹುಲ್ಲನ್ನು ಅದೇ ಊರಿನಲ್ಲಿ ಚಾಪೆ ನೇಯುವ ಮುದ್ದವ್ವ ಎಂಬ ಮುದುಕಿ ಕೊಳ್ಳುತ್ತಿದ್ದಳು. ಬರುವ ವರ್ಷ ಅವಳ ಮೊಮ್ಮಗಳ ಮದುವೆ. ತನ್ನ ಕೈಯಾರೆ ನೇಯ್ದ ಚಾಪೆಯ ಮೇಲೆಯೇ ಧಾರೆಯಾಗಬೇಕೆಂಬುದು ಅವಳ ಆಸೆ.

ಆದರೆ ಹುಲ್ಲು ಬರಬರುತ್ತ ಗಿಡ್ಡವಾಗಿತ್ತು. ರೈತ ಯೂರಿಯಾ ಹಾಕಿದ. ಹುಲ್ಲು ಆಳೆತ್ತರ ಬೆಳೆಯಿತು. ಅವನು ಹಿಗ್ಗಿನಿಂದ ಹೊರೆ ಹೊತ್ತು ತಂದುಕೊಟ್ಟ. ಮುದ್ದವ್ವ ಅದನ್ನು ಸೀಳಿ, ಒಣಗಿಸಿ, ನೇಯಲು ಕುಳಿತಳು. ಎಳೆದಲ್ಲೆಲ್ಲ ತುಂಡಾಯಿತು. ರೈತ ಮರುಸಲ ಎರಡರಷ್ಟು ಯೂರಿಯಾ ಹಾಕಿದ. ಈ ಸಲ ಹುಲ್ಲು ನಿಲ್ಲಲಾರದೆ ನೆಲಕ್ಕೆ ಮಲಗಿತು. ರೈತ ಬೇಸತ್ತು, ಎಲ್ಲವನ್ನೂ ಕಿತ್ತೊಗೆಯಲು ಗುದ್ದಲಿ ಹಿಡಿದ.

ಮುದ್ದವ್ವ ಗದ್ದೆಗೆ ಬಂದು ಅವನ ಕೈ ಹಿಡಿದಳು. “ಮಗಾ, ಈ ಮಣ್ಣಿಗೆ ಏನು ಕಡಿಮೆಯಾಗಿದೆ ಅಂತ ವಿಚಾರಿಸಿದೆಯಾ?”

“ಇಲ್ಲ ಅವ್ವಾ. ಗೊಬ್ಬರ ಸಾಲದು ಅಂದುಕೊಂಡೆ.”

ಮಣ್ಣು ಪರೀಕ್ಷೆ ಮಾಡಿಸಿದರು. ಅವನು ಹಾಕಿದ ಯೂರಿಯಾದ ಸಾರ ಬೇಕಾದ್ದಕ್ಕಿಂತ ಹೆಚ್ಚಿತ್ತು. ನಾರಿಗೆ ಗಟ್ಟಿತನ ಕೊಡುವ ಪೊಟ್ಯಾಷ್ ಮಾತ್ರ ಬರಿದಾಗಿತ್ತು. ಪ್ರತಿ ಕೊಯ್ಲಿನ ಜೊತೆ ಅದು ಹೊರಟುಹೋಗಿತ್ತು. ರೈತ ಯೂರಿಯಾ ನಿಲ್ಲಿಸಿ ಪೊಟ್ಯಾಷ್ ಹಾಕಿದ. ಒತ್ತೊತ್ತಾಗಿದ್ದ ಮುದಿ ಬುಡಗಳನ್ನು ಕಿತ್ತು, ಎಳೆಯವಕ್ಕೆ ಜಾಗ ಮಾಡಿದ. ಮುದ್ದವ್ವ ಹುಲ್ಲು ಸೀಳಿದಾಗ ಉಳಿದ ತಿರುಳನ್ನು ಕೊಳೆಸಿ, ಒಲೆಯ ಬೂದಿ ಬೆರೆಸಿ ತಂದುಕೊಟ್ಟಳು.

ಮುಂದಿನ ಕೊಯ್ಲಿನ ಹುಲ್ಲು ಅಷ್ಟೇನೂ ಎತ್ತರವಿರಲಿಲ್ಲ. ಮುದ್ದವ್ವ ಒಂದೆಳೆಗೆ ಗಂಟು ಹಾಕಿ ಜಗ್ಗಿದಳು. ಹರಿಯಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಆಮೇಲೆ ಬದುವಿನ ಮೇಲೆಯೇ ಕುಣಿದುಬಿಟ್ಟಳು.

ಮದುವೆಯ ದಿನ ವಧೂವರರಿಗಿಂತ ಮೊದಲು ರೈತನನ್ನೇ ಆ ಹುಲ್ಲಿನಿಂದ ನೇಯ್ದ ಚಾಪೆಯ ಮೇಲೆ ಕೂರಿಸಿದಳು. ಕುಳಿತವನು ಅಂಗೈಯಿಂದ ಹೆಣಿಗೆಯನ್ನು ಸವರುತ್ತ ಏಳುವುದನ್ನೇ ಮರೆತ. ಮದುಮಗ ನಿಂತೇ ಇದ್ದ. ಚಪ್ಪರದ ತುಂಬ ನಗೆಯೋ ನಗೆ.

ಶಿಷ್ಯನಿಗೂ ನಗು ತಡೆಯಲಾಗಲಿಲ್ಲ. “ಎಂಥ ರೈತ! ಮೊದಲೇ ವಿಚಾರಿಸಬಾರದಿತ್ತೇ?” ಎಂದ.

ಗುರುಗಳೂ ನಕ್ಕು ಕೇಳಿದರು: “ನಿನ್ನ ಕಿರಿಯರಲ್ಲಿ ಯಾರಿಗೆ ಯಾವುದು ತಿಳಿಯದೆ ಉಳಿದಿದೆ, ಹೇಳು ನೋಡೋಣ?”