ಹೊನ್ನವ್ವ ಬಿಗಿದ ನಡುಕಟ್ಟು

"ಗುರುಗಳೇ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು ಸೈನ್ಯದಲ್ಲಿ ಇರಬಹುದೇ?"

ಕೇಳಿದವನು ದೇಶದ ದೊಡ್ಡ ಸಭೆಯಲ್ಲಿ ಕೂರುವ ಒಬ್ಬ ಶಿಷ್ಯ. ಮರುದಿನ ಅವನು ಅದೇ ವಿಷಯದ ಮೇಲೆ ಮಾತನಾಡಬೇಕಿತ್ತು. ಹೌದು ಎಂದರೆ ಒಂದು ಗುಂಪು ಮುನಿಯುತ್ತದೆ, ಅಲ್ಲ ಎಂದರೆ ಇನ್ನೊಂದು. ಎರಡು ಕಡೆಗೂ ಹಿತವಾಗುವ ಒಂದು ಮಾತು ಗುರುಗಳ ಹತ್ತಿರ ಸಿಕ್ಕೀತು ಎಂದು ಬಂದಿದ್ದ. ಇಂಥ ಮಾತಿಗಾಗಿ ಮಠಕ್ಕೆ ಬರುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

"ನಿನ್ನ ಅನುಮಾನ ಯಾವುದು, ಅದನ್ನು ಮೊದಲು ಹೇಳು" ಎಂದರು ಗುರುಗಳು.

"ಅವರ ಧೈರ್ಯದ ಮೇಲೆ ನನಗೆ ಅನುಮಾನವಿಲ್ಲ. ಆದರೆ ಪಕ್ಕದಲ್ಲಿ ನಿಲ್ಲುವ ಸೈನಿಕ ಒಪ್ಪಬೇಕಲ್ಲ? ಅವನು ಒಪ್ಪದಿದ್ದರೆ ಸಾಲು ಒಡೆಯುತ್ತದೆ. ಸಾಲು ಒಡೆದರೆ ದೇಶ ಉಳಿದೀತೇ?"

"ಒಳ್ಳೆಯ ಅನುಮಾನ. ಹಳೆಯದೂ ಹೌದು. ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಬೆಟ್ಟದ ಮೇಲೊಂದು ಕೋಟೆ. ಕೋಟೆಗೆ ಒಬ್ಬ ಪಾಳೆಯಗಾರ. ಅವನ ದಂಡು ದೊಡ್ಡದಲ್ಲ, ಆದರೆ ಆ ಕೋಟೆ ಒಮ್ಮೆಯೂ ಬಿದ್ದಿರಲಿಲ್ಲ. ಯಾಕೆ ಬಿದ್ದಿರಲಿಲ್ಲ ಎಂದರೆ ಅಲ್ಲಿ ಒಂದು ಪದ್ಧತಿ ಇತ್ತು.

ಆ ದಂಡಿನಲ್ಲಿ ಯಾವ ಸೈನಿಕನೂ ತನ್ನ ನಡುಕಟ್ಟನ್ನು ತಾನೇ ಕಟ್ಟಿಕೊಳ್ಳುವಂತಿರಲಿಲ್ಲ. ನಡುಕಟ್ಟು ಎಂದರೆ ಕತ್ತಿ ಸಿಕ್ಕಿಸುವ ದಪ್ಪ ಬಟ್ಟೆಯ ಪಟ್ಟಿ. ಅದನ್ನು ಸೊಂಟಕ್ಕೆ ಸುತ್ತಿ ಬೆನ್ನ ಹಿಂದೆ ಗಂಟು ಹಾಕುತ್ತಿದ್ದರು. ಆ ಗಂಟನ್ನು ಬಲಗಡೆ ನಿಂತವನೇ ಹಾಕಬೇಕು. ಅವನ ಗಂಟನ್ನು ಅವನ ಬಲಗಡೆಯವನು. ಹೀಗೆ ಪ್ರತಿ ಬೆಳಿಗ್ಗೆ ಬಯಲಿನಲ್ಲಿ ದಂಡೆಲ್ಲ ಬಳೆಯ ಹಾಗೆ ಸುತ್ತಾಗಿ ನಿಲ್ಲುತ್ತಿತ್ತು. ಆ ಸುತ್ತಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಮಹಾನವಮಿಯ ದಿನ ಪಾಳೆಯಗಾರನೂ ಬಂದು ಅದರಲ್ಲಿ ಒಬ್ಬನಾಗಿ ನಿಂತು ಬೆನ್ನು ಕೊಡುತ್ತಿದ್ದ.

ನೆರೆಯ ಸೀಮೆಯವರು ನಗುತ್ತಿದ್ದರು. "ಆ ಬೆಟ್ಟದವರಿಗೆ ತಮ್ಮ ಸೊಂಟ ತಾವು ಕಟ್ಟಿಕೊಳ್ಳೋಕೂ ಬರೋದಿಲ್ಲ" ಎನ್ನುತ್ತಿದ್ದರು. ನಗಲಿ ಬಿಡು. ತನ್ನ ಬೆನ್ನನ್ನು ಇನ್ನೊಬ್ಬನ ಕೈಗೆ ಒಪ್ಪಿಸಿದವನು ಆ ಇನ್ನೊಬ್ಬನನ್ನು ಬಿಟ್ಟು ಓಡುವುದಿಲ್ಲ. ನಗುತ್ತಿದ್ದವರ ಕೋಟೆಗಳು ಈಗ ಎಲ್ಲಿವೆ ಎಂದು ಹುಡುಕಬೇಕು.

ಪದ್ಧತಿಗೆ ಒಂದು ಕಟ್ಟಳೆಯೂ ಇತ್ತು. ಮಹಾನವಮಿಯ ದಿನ ಪಾಳೆಯಗಾರ ಪ್ರತಿಯೊಬ್ಬನನ್ನೂ ಕೇಳುತ್ತಿದ್ದ, "ಈ ಗಂಟು ಒಪ್ಪಿತೇ?" ಎಂದು. ಒಪ್ಪಿತು ಎಂದರೆ ಮುಂದಿನ ಮಹಾನವಮಿಯವರೆಗೆ ಮಾತಿಲ್ಲ. ಒಪ್ಪಲಿಲ್ಲ ಎಂದರೆ, ಗಂಟು ಹಾಕಿದವನು ಕತ್ತಿ ಕೆಳಗಿಟ್ಟು ಬೆಟ್ಟ ಇಳಿಯಬೇಕು. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಆ ದಂಡಿನಲ್ಲಿ ಹೊನ್ನ ಎಂಬ ಒಬ್ಬ ಸೈನಿಕನಿದ್ದ. ಬಡಗಣ ಬುರುಜಿನ ಕಾವಲು ಅವನದು. ಆ ದಿಕ್ಕಿನಿಂದ ಬಂದ ಶತ್ರು ಹಿಂದಿರುಗಿದ್ದು ಕಡಿಮೆ. ಒಂದು ಯುಗಾದಿ ಕಳೆದ ಮೇಲೆ ಹೊನ್ನ ಕಚ್ಚೆ ಹಾಕಿದ ಸೀರೆಯಲ್ಲಿ ಬಯಲಿಗೆ ಬಂದು ಪಾಳೆಯಗಾರನ ಮುಂದೆ ನಿಂತ.

"ಒಡೆಯಾ, ನಾನು ಹುಟ್ಟಿದಾಗಿನಿಂದ ಒಳಗೆ ಹೆಣ್ಣೇ. ಇನ್ನು ಮೇಲೆ ಹೊರಗೂ. ನನ್ನ ಹೆಸರು ಹೊನ್ನವ್ವ. ಕತ್ತಿ ಅದೇ, ಬುರುಜು ಅದೇ."

"ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಹೇಳುತ್ತೀ?" ಎಂದು ಪಾಳೆಯಗಾರ ಕೇಳಿದ.

"ನಾಳೆ ಬಿದ್ದರೆ ವೀರಗಲ್ಲು ನೆಡುತ್ತೀರಿ. ಆ ಕಲ್ಲಿನ ಮೇಲೆ ನನ್ನ ಹೆಸರಿರಬೇಕು, ಬೇರೆ ಯಾರದೋ ಹೆಸರಲ್ಲ."

ಉತ್ತರ ಹೊಳೆಯದ ಒಡೆಯರು ಮಾಡುವುದನ್ನೇ ಪಾಳೆಯಗಾರನೂ ಮಾಡಿದ. ಸಭೆ ಕರೆದ.

ಸಭೆ ಬೇಸಿಗೆಯಲ್ಲಿ ಕೂತಿತು, ಮಳೆಗಾಲದಲ್ಲೂ ಕೂತಿತು. ಒಬ್ಬರು ಎದ್ದು, "ಅಂಥವರು ಮದುವೆ ಮನೆಯಲ್ಲಿ ಹರಸಲಿ, ಶುಭ, ಕೈಗೆ ಕತ್ತಿ ಯಾಕೆ?" ಎಂದರು. ಇನ್ನೊಬ್ಬರು, "ಶತ್ರು ನಗುತ್ತಾನೆ" ಎಂದರು. "ನಗುವವನ ತಲೆ ಹೊಡೆಯುವುದು ಸುಲಭವಲ್ಲವೇ?" ಎಂದರು ಅವರ ಪಕ್ಕದವರು. ಮತ್ತೊಬ್ಬರಿಗೆ ವೀರಗಲ್ಲಿನ ಚಿಂತೆ. "ಅವಳು ಬಿದ್ದರೆ ಶಿಲ್ಪಿ ಮೀಸೆ ಕೆತ್ತಬೇಕೋ ಬೇಡವೋ?" ಈ ಒಂದು ಪ್ರಶ್ನೆಯ ಮೇಲೆ ಶ್ರಾವಣ ಪೂರ್ತಿ ಕಳೆಯಿತು. ಅಲ್ಲಿಯ ಸಭೆ ಈಗಿನ ಸಭೆಗಳ ಹಾಗಲ್ಲ, ತಪ್ಪು ತಿಳಿಯಬೇಡ. ಅಲ್ಲಿ ಒಬ್ಬರು ಮಾತಾಡುವಾಗ ಉಳಿದವರು ನಿದ್ದೆಯನ್ನಾದರೂ ಮಾಡುತ್ತಿದ್ದರು.

ಸಭೆಯ ಮಂಟಪ ಬಡಗಣ ಬುರುಜಿನ ಕೆಳಗೇ ಇತ್ತು. ಮೇಲೆ ನಿಂತ ಹೊನ್ನವ್ವನಿಗೆ ಎಲ್ಲವೂ ಕೇಳಿಸುತ್ತಿತ್ತು. ಅವಳು ಮಂಟಪದ ಕಡೆ ಬಗ್ಗಿ ನೋಡಲಿಲ್ಲ. ಕಾವಲಿನವಳು; ನೋಡಬೇಕಾದದ್ದು ಹೊರಗಡೆಗೆ.

ಸಭೆಯಲ್ಲಿ ಗಟ್ಟಿ ಮಾತು ಮಂತ್ರಿಯದು. ಅವನು ಕೆಟ್ಟವನಲ್ಲ. ಕೋಟೆಯ ಮೇಲೆ ಪ್ರಾಣವಿಟ್ಟುಕೊಂಡವನು. ಆದರೆ ಆ ಸುತ್ತಿನಲ್ಲಿ ಒಮ್ಮೆಯೂ ನಿಂತವನಲ್ಲ. ಅವನ ಸೊಂಟಕ್ಕಿದ್ದದ್ದು ಜರಿ ಪಟ್ಟಿ. ಅದನ್ನು ಮನೆಯಲ್ಲಿ ಹೆಂಡತಿ ಕಟ್ಟಿ ಕಳಿಸುತ್ತಿದ್ದಳು. ಅವನು ಹೇಳಿದ್ದು ನೀನು ಹೇಳಿದ್ದನ್ನೇ. "ಅವಳ ಶೌರ್ಯ ಪ್ರಶ್ನೆಯಲ್ಲ. ಎಡಗಡೆ ನಿಂತವನು ಅವಳ ಕೈಗೆ ಬೆನ್ನು ಕೊಡುತ್ತಾನೆಯೇ? ಅದು ಪ್ರಶ್ನೆ."

ಎಡಗಡೆ ನಿಲ್ಲುತ್ತಿದ್ದವನು ಬರಮ. ಹಳೆಯ ಸೈನಿಕ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ದಿನವೂ ಬೆಳಿಗ್ಗೆ ನಡುಕಟ್ಟು ಕಟ್ಟುವಾಗ ಅವನ ಕೂಗು ಕೋಟೆಗೆಲ್ಲ ಕೇಳಿಸುತ್ತಿತ್ತು.

"ಲೇ ಹೊನ್ನ... ಹೊನ್ನವ್ವ... ಸೀರೆ ಉಡೋದು ಕಲಿತ ಮೇಲೆ ನನ್ನ ಗಂಟು ಇನ್ನೂ ಬಿಗಿ ಮಾಡ್ತೀಯಲ್ಲೇ ತಾಯಿ! ನಾನು ಉಸಿರು ಬಿಡೋದು ಹೆಂಗೆ?"

"ಪಾಳಿ ಮುಗಿದ ಮೇಲೆ ಬಿಡು ಬರಮಣ್ಣ. ಅಲ್ಲೀತನಕ ಹೊಟ್ಟೆ ಒಳಗೇ ಇರಲಿ."

ಮಂತ್ರಿ ಬರಮನನ್ನು ಮಂಟಪಕ್ಕೆ ಕರೆಸಿದ. ಹೊನ್ನವ್ವನ ಮೇಲೆ ದೂರು ಏನಾದರೂ ಇದೆಯೇ ಎಂದು ಕೇಳಿದ. ಬರಮನನ್ನು ದೂರು ಕೇಳುವುದೆಂದರೆ ಕೆರೆಯ ತೂಬು ಎತ್ತಿದ ಹಾಗೆ. ಗಂಟು ಬಿಗಿ ಎಂದ. ಪಕ್ಕೆಯಲ್ಲಿ ಬಾಸುಂಡೆ ಬಂದಿದೆ ಎಂದ. ಮೊದಲು ಹೊನ್ನ ಆಗಿದ್ದಾಗ ಒಂದು ಬೈದರೆ ಒಂದೇ ತಿರುಗಿ ಬೈಯುತ್ತಿದ್ದ, ಈಗ ಎರಡು ಬೈಯುತ್ತಾಳೆ ಎಂದ. ಹೂ ಮುಡಿದು ಪಕ್ಕದಲ್ಲಿ ನಿಂತರೆ ಸೀನು ಬರುತ್ತದೆ ಎಂದ. ಮಂತ್ರಿಗೆ ಬೇಕಾದ್ದು ಸಿಕ್ಕಿತು. ಪಾಳೆಯಗಾರನ ಹತ್ತಿರ ಹೋಗಿ ಹೇಳಿದ, "ನಾವು ಯಾರೂ ಕೆಟ್ಟವರಾಗಬೇಕಿಲ್ಲ. ಮಹಾನವಮಿಯ ದಿನ ಎಡಗಡೆಯವನೇ ಒಪ್ಪಲಿಲ್ಲ ಎನ್ನುತ್ತಾನೆ. ನಮ್ಮದೇ ಕಟ್ಟಳೆ. ಅವಳು ಇಳಿದು ಹೋಗುತ್ತಾಳೆ."

ಮಂತ್ರಿ ತಪ್ಪಿದ್ದು ಅಲ್ಲಿ. ದಂಡಿನ ಬಾಯಿ ಬೇರೆ, ಮಂಟಪದ ಬಾಯಿ ಬೇರೆ. ಮಂಟಪದಲ್ಲಿ ಬೈದರೆ ವೈರ. ದಂಡಿನಲ್ಲಿ ಬಾಯಿ ತುಂಬ ಬೈಯುವುದು ಮನೆಯವರನ್ನು ಮಾತ್ರ.

ಮಹಾನವಮಿ ಬಂತು. ಸುದ್ದಿ ಹಬ್ಬಿತ್ತು. ಹೊನ್ನವ್ವ ತನ್ನ ಬಟ್ಟೆಗಳನ್ನು ಮೂಟೆ ಕಟ್ಟಿ ಬುರುಜಿನ ಮೆಟ್ಟಿಲ ಮೇಲೆ ಇಟ್ಟು ಬಂದಿದ್ದಳು. ಇಳಿಯುವ ಮಾತು ಬಂದರೆ ತಿರುಗಿ ನೋಡದೆ ಇಳಿಯಬೇಕು ಎಂದು. ದಂಡು ಸುತ್ತಾಗಿ ನಿಂತಿತು. ಪಾಳೆಯಗಾರನೂ ಬಂದು ನಿಂತ. ಬರಮ ಬೆನ್ನು ತಿರುಗಿಸಿದ. ಆ ದಿನ ಗಂಟು ಹಾಕಿಸಿಕೊಳ್ಳುವಾಗ ಅವನು ಎಂದಿನ ಹಾಗೆ ಕೂಗಲಿಲ್ಲ. ಇನ್ನು ಇಳಿಯುವುದೇ ಸರಿ ಎಂದುಕೊಂಡಳು ಹೊನ್ನವ್ವ. ಆದರೂ ಗಂಟನ್ನು ಎಂದಿಗಿಂತ ಸಡಿಲ ಮಾಡಲಿಲ್ಲ. ಒಂದು ಎಳೆ ಹೆಚ್ಚೇ ಬಿಗಿದಳು.

"ಬರಮ, ಈ ಗಂಟು ಒಪ್ಪಿತೇ?" ಎಂದು ಪಾಳೆಯಗಾರ ಕೇಳಿದ.

ಬರಮ ಕೈಮುಗಿದ. "ಒಡೆಯಾ, ಮೊದಲು ನನಗೊಂದು ಲೆಕ್ಕ ತಿಳೀಬೇಕು. ಇವಳ ಕೈ ಸೈನಿಕರ ಕೈ ಅಲ್ಲ ಅಂತ ಮಂಟಪದಲ್ಲಿ ಮಾತು. ಹಂಗಾದ್ರೆ ಇಷ್ಟು ವರ್ಷ ನನ್ನ ನಡು ಯಾರೂ ಕಟ್ಟೇ ಇಲ್ಲ. ನಡು ಕಟ್ಟದವನು ಸೈನಿಕ ಅಲ್ಲ. ನಾನು ಸೈನಿಕ ಅಲ್ಲ ಅಂದ್ರೆ, ನಾನು ಕಟ್ಟಿದ ಇವನ ಗಂಟೂ ಗಂಟಲ್ಲ. ಇವನು ಕಟ್ಟಿದ ಅವನದ್ದೂ ಅಲ್ಲ."

ಹೀಗೆನ್ನುತ್ತಾ ಅವನು ಬೆರಳನ್ನು ಒಬ್ಬರಿಂದ ಒಬ್ಬರಿಗೆ ಸರಿಸುತ್ತಾ ಹೋದ. ಬಳೆಯ ಹಾಗಿದ್ದ ಸುತ್ತು. ಬೆರಳು ನಿಲ್ಲುವುದಕ್ಕೆ ಎಲ್ಲೂ ಜಾಗವಿರಲಿಲ್ಲ. ಸರಿಯುತ್ತಾ ಸರಿಯುತ್ತಾ ಅದು ಪಾಳೆಯಗಾರನ ಹತ್ತಿರ ಬಂತು. ಪಾಳೆಯಗಾರನ ಕೈ ತಾನಾಗಿ ತನ್ನ ಸೊಂಟಕ್ಕೆ ಹೋಯಿತು.

ಮಂತ್ರಿಗೆ ತಡೆಯಲಾಗಲಿಲ್ಲ. "ಅಲ್ಲಯ್ಯಾ, ನೀನೇ ಮಂಟಪದಲ್ಲಿ ಅಷ್ಟೊಂದು ದೂರು ಹೇಳಿದೆಯಲ್ಲ!"

"ಹೇಳಿದೆ ಸ್ವಾಮಿ. ನಾಳೆ ಬೆಳಿಗ್ಗೆನೂ ಹೇಳ್ತೀನಿ. ನನ್ನ ಬೆನ್ನು, ನನ್ನ ಗಂಟು, ನನ್ನ ಬಾಯಿ. ನಿಮ್ಮ ಪಟ್ಟಿ ಕಟ್ಟೋ ಅಮ್ಮಾವರ ಮೇಲೆ ನಾನೇನಾದ್ರೂ ಅಂದೆನಾ?"

ಬಯಲೆಲ್ಲ ನಕ್ಕಿತು. ಹೊನ್ನವ್ವ ನಗಲಿಲ್ಲ. ಅವಳ ಕೈ ಇನ್ನೂ ಬರಮನ ಬೆನ್ನಿನ ಗಂಟಿನ ಮೇಲೇ ಇತ್ತು.

ಬರಮ ಎದೆ ಮುಂದೆ ಮಾಡಿದ. ಆ ಗಂಟಿನಲ್ಲಿ ಎಷ್ಟು ಉಸಿರು ತೆಗೆದುಕೊಳ್ಳಲಾಗುತ್ತದೋ ಅಷ್ಟನ್ನು ತೆಗೆದುಕೊಂಡು ಕೂಗಿದ, "ಒಪ್ಪಿತು!"

ಆಮೇಲೆ ಪಾಳೆಯಗಾರ ಕೇಳಬೇಕಾಗಲಿಲ್ಲ. ಬರಮನ ಎಡಗಡೆಯವನು "ಒಪ್ಪಿತು" ಎಂದ. ಅವನ ಎಡಗಡೆಯವನು ಎಂದ. ಮಾತು ಕೈಯಿಂದ ಕೈಗೆ ಹೋಗುವ ದೀವಟಿಗೆಯ ಹಾಗೆ ಸುತ್ತು ಹಾಕಿತು. ಮೀಸೆ ಹಣ್ಣಾದವರು ಎಂದರು, ಮೀಸೆ ಮೂಡದವರು ಎಂದರು. ಒಬ್ಬನ ದನಿಯೂ ತಗ್ಗಲಿಲ್ಲ. ಪಾಳೆಯಗಾರನ ಸರದಿ ಬಂದಾಗ ಅವನೂ ದಂಡಿನವರ ಹಾಗೆಯೇ, ಗಂಟಲು ಬಿಟ್ಟು, "ಒಪ್ಪಿತು" ಎಂದ. ಕೊನೆಗೆ ಹೊನ್ನವ್ವ ಉಳಿದಳು. ಅವಳ ಬೆನ್ನಿನ ಗಂಟು ಹಾಕಿದ್ದ ಬಲಗಡೆಯ ಸೈನಿಕ, "ಹೇಳವ್ವಾ, ನಾನು ಹಾಕಿದ್ದು ನಿನಗೆ ಒಪ್ಪಿತೋ ಇಲ್ಲವೋ? ನಾನು ಬೆಟ್ಟ ಇಳೀಬೇಕೋ?" ಎಂದ.

"ಒಪ್ಪಿತು" ಎಂದಳು ಹೊನ್ನವ್ವ.

ಮಂತ್ರಿ ತಲೆದೂಗಿದ. ಸೋಲು ಒಪ್ಪುವಷ್ಟು ದೊಡ್ಡತನ ಅವನಲ್ಲಿತ್ತು, ಸುಮ್ಮನಾಗುವಷ್ಟು ಇರಲಿಲ್ಲ. "ದಂಡು ಒಪ್ಪಿತು, ಸಂತೋಷ. ಆದರೆ ತತ್ವದ ಪ್ರಶ್ನೆ ಹಾಗೇ ಉಳಿಯಿತಲ್ಲ ಒಡೆಯಾ? ವೀರಗಲ್ಲಿನ ಮೀಸೆಯದೂ ಬಾಕಿ ಇದೆ. ಸಭೆ ಮತ್ತೆ ಕೂರಬೇಕು."

"ಕೂರಲಿ" ಎಂದ ಪಾಳೆಯಗಾರ.

ಅಷ್ಟರಲ್ಲಿ ನಗಾರಿ ಬಡಿಯಿತು. ಪಾಳಿ ಬದಲಾಗುವ ಹೊತ್ತು. ಸಭೆಯವರು ಮಂಟಪದ ಕಡೆ ನಡೆದರು. ಹೊನ್ನವ್ವ ಮೆಟ್ಟಿಲ ಮೇಲಿದ್ದ ತನ್ನ ಮೂಟೆಯನ್ನು ಎತ್ತಿಕೊಂಡಳು. ಕೆಳಗೆ ಇಳಿಯಲು ಕಟ್ಟಿದ್ದ ಮೂಟೆಯನ್ನು ಹೊತ್ತು ಮೇಲಕ್ಕೆ ಹತ್ತಿದಳು. ಹಿಂದಿನಿಂದ ಬರಮ ಏದುಸಿರು ಬಿಡುತ್ತಾ, "ನಿಧಾನ ಹತ್ತೇ ತಾಯಿ, ನೀನು ಬಿಗಿದ ಗಂಟು ಹೊತ್ತು ನಾನೂ ಬರಬೇಕಲ್ಲ" ಎನ್ನುತ್ತಾ ಹತ್ತಿದ.

ಗುರುಗಳು ಕತೆ ನಿಲ್ಲಿಸಿದರು. ಮರುದಿನದ ಭಾಷಣಕ್ಕೆ ಬೇಕಾದ ಮಾತು ಶಿಷ್ಯನಿಗೆ ಇನ್ನೂ ಸಿಕ್ಕಿರಲಿಲ್ಲ.

"ಗುರುಗಳೇ, ಕೊನೆಗೆ ಆ ಸಭೆ ಏನೆಂದು ತೀರ್ಮಾನಿಸಿತು?"

ಗುರುಗಳೆಂದರು, "ಸಭೆ ಇನ್ನೂ ನಡೆಯುತ್ತಲೇ ಇದೆ ಮಗೂ, ಅದು ನಿಶ್ಚಿಂತೆಯಿಂದ ನಡೆಯಲಿ ಎಂದು ಹೊನ್ನವ್ವ ಬುರುಜಿನ ಮೇಲೆ ನಿಂತಿದ್ದಾಳೆ."