ಸೀನಿಯಾರಿಟಿ ತಪ್ಪಿದ ಡ್ರೈವರ್

ಸಾಹೇಬರು ತಾವೇ ಕೂತು ಲ್ಯಾಪ್‌ಟಾಪಿನ ವೈಫೈ ನಡೆಸುವ ಡ್ರೈವರ್ ತಂತ್ರಾಂಶವನ್ನು ಅಪ್‌ಡೇಟ್ ಮಾಡಿದರು. ಅಲ್ಲಿಂದ ನೆಟ್ ತೆವಳತೊಡಗಿತು.

"ಮಧ್ಯಾಹ್ನದೊಳಗೆ ಸರಿಯಾಗಬೇಕು, ಇಲ್ಲದಿದ್ದರೆ ನಿಮಗೆ ವರ್ಗಾವಣೆ. ಆದರೆ ನಾನು ಮಾಡಿದ್ದನ್ನು ರದ್ದು ಮಾಡಕೂಡದು," ಎಂದು ಗುಮಾಸ್ತೆ ವಾರಿಜಾಗೆ ತಾಕೀತು ಮಾಡಿದರು.

ಹಳೆಯ ಡ್ರೈವರನ್ನೇ ಮತ್ತೆ ಹಾಕಿದರೆ ಸಾಕೆಂದು ವಾರಿಜಾಗೆ ಗೊತ್ತಿತ್ತು. ಮೆಲ್ಲಗೆ ಹೇಳಿದಳು: "ಸಾರ್, ಹಳೇ ಡ್ರೈವರಿಗೆ ಆರು ವರ್ಷ ಸರ್ವಿಸ್ ಆಗಿದೆ. ಮೊನ್ನೆ ಬಂದದ್ದನ್ನು ಅದರ ಕುರ್ಚಿಯಲ್ಲಿ ಕೂರಿಸಿಬಿಟ್ಟಿದ್ದೀವಿ. ಸೀನಿಯಾರಿಟಿ ಲಿಸ್ಟ್ ಯಾರೂ ನೋಡಿದ ಹಾಗಿಲ್ಲ."

ಎರಡು ಸಲ ತಮ್ಮ ಬಡ್ತಿ ಕಿರಿಯರ ಪಾಲಾದದ್ದನ್ನು ಕಂಡಿದ್ದ ಸಾಹೇಬರ ಮುಖ ಕೆಂಪೇರಿತು. "ಇದು ಶುದ್ಧ ಅನ್ಯಾಯ ಕಣಮ್ಮ. ಹಳೆಯದನ್ನು ಈಗಲೇ ಕೂರಿಸಿ."

ಐದೇ ನಿಮಿಷಕ್ಕೆ ನೆಟ್ ಓಡತೊಡಗಿತು. ಸಾಹೇಬರು ಎದ್ದು ನಿಂತು ಲ್ಯಾಪ್‌ಟಾಪಿಗೆ ಕೈಮುಗಿದು, ಒಳಗಿನ ಹಳೇ ಡ್ರೈವರಿಗೆ ಹೇಳಿದರು: "ನೀವು ರಿಟೈರ್ ಆಗೋವರೆಗೂ ನಿಮ್ಮ ಜಾಗಕ್ಕೆ ಇನ್ನು ಯಾರೂ ಬರಲ್ಲ, ಸಾರ್."