ನಟ್ಟನಡುವಿನ ಆಸನ

ಎಣ್ಣೆ ಬತ್ತಿದ ಬಾವಿಯ ಆಳಕ್ಕೆ ಕಾರ್ಖಾನೆಯವರು ತಳ್ಳಿದ್ದ ಇಂಗಾಲದ ಅನಿಲಕ್ಕೆ ಹೇಗಾದರೂ ಆಕಾಶ ಸೇರಬೇಕಿತ್ತು. ಸಣ್ಣ ಸಣ್ಣ ರಂಧ್ರಗಳ ಒಳಗೆಲ್ಲ ಎಣ್ಣೆ ಮೆತ್ತಿಕೊಂಡ ಬಂಡೆಯೊಂದು, "ನನ್ನ ಗೋಡೆ ಹಿಡಿದು ಜಾರಿಕೊಂಡು ಮೇಲೆ ಹೋಗಿ," ಎಂದಿತು. ಪಕ್ಕದ ಬಂಡೆಯ ಒಳಗೋಡೆಯನ್ನೆಲ್ಲ ನೀರು ತಬ್ಬಿಕೊಂಡಿತ್ತು. "ನಮ್ಮಲ್ಲಿ ಗೋಡೆ ಖಾಲಿಯಿಲ್ಲ, ನಡುವೆ ಕೂರಬೇಕು," ಎಂದಿತು ಆ ಬಂಡೆ.

ನಡುವೆ ಕೂರಿಸುವುದು ದೊಡ್ಡವರನ್ನೇ ಎಂದು ಬೀಗಿದ ಅನಿಲ ಅಲ್ಲೇ ಹೋಗಿ ಕೂತಿತು. ಯಾರೂ ಕುಶಲ ವಿಚಾರಿಸಲಿಲ್ಲ. ಸಾಕಾಗಿ ಹೊರಡಲು ಎದ್ದರೆ, ಹಿಂದೆ ಮುಂದೆ ಎರಡೂ ಬಾಗಿಲಲ್ಲಿ ನೀರು ತುಂಬಿ ನಿಂತಿತ್ತು.

"ನನ್ನನ್ನು ಬಿಟ್ಟಿರಲಾರದಷ್ಟು ಪ್ರೀತಿಯೇ?" ಎಂದು ಅನಿಲ ಹಿಗ್ಗಿತು.

"ತಪ್ಪು ತಿಳಿಯಬೇಡಿ," ಎಂದಿತು ನೀರು. "ಬಂಡೆಯನ್ನು ತಬ್ಬುವ ಭರದಲ್ಲಿ ಬಾಗಿಲು ಮುಚ್ಚಿಹೋಯಿತು. ನೀವು ಇನ್ನೂ ಇಲ್ಲೇ ಇದ್ದೀರಾ?"

ಅನಿಲ ಈಗಲೂ ಅಲ್ಲೇ ಇದೆ, ನಟ್ಟನಡುವೆ.